ಈಗ್ಬಂದೆಯ ಮನೆಯ ಟ್ಯಾಂಕು

ಆ ದಿನ ಬೆಳಗ್ಗೆ ಜಗಳ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿದ್ದುಂಟು. ಜಗಳದಲ್ಲಿ ನಾಲ್ಕು ಮಾತಾದರೂ ಬರುತ್ತವೆ.

ಅವನು ಎಂದಿನಂತೆ ಅವಳಿಗಿಂತ ಮೊದಲು ಎದ್ದಿದ್ದ. ಬಚ್ಚಲ ಕಡೆ ಒಂದಷ್ಟು ಹೊತ್ತು ಏನೋ ಸದ್ದು ಮಾಡಿದ. ಟೀ ಕುಡಿದು ಲೋಟವನ್ನು ಕಿಟಕಿಯ ಮೇಲಿಟ್ಟ.

"ಅಲ್ಲಿಡಬೇಡಿ ಅಂತ ಎಷ್ಟು ಸಲ ಹೇಳ್ಬೇಕು?" ಅಂದಳು.

"ಎತ್ತಿಡ್ತೀನಿ ಕಣೇ" ಅಂದ. ಎತ್ತಿಡಲಿಲ್ಲ. ಜಗಲಿಯಲ್ಲಿ ಕೂತು ತನ್ನ ಚೀಲ ಬಿಚ್ಚಿ ಸ್ಪ್ಯಾನರುಗಳನ್ನು ದೊಡ್ಡದು, ಅದಕ್ಕಿಂತ ಚಿಕ್ಕದು, ಅದಕ್ಕೂ ಚಿಕ್ಕದು ಎಂದು ಜೋಡಿಸತೊಡಗಿದ. ಆ ಚೀಲದೊಳಗಿದ್ದ ಶಿಸ್ತು ಮನೆಯ ಒಂದು ಮೂಲೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅವಳ ಜೋಡಿ ಬಂದಳು. ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಚಾದರ ಹಿಂಡುವವರು, ಮಡಿಸುವವರು. ಒಂದು ತುದಿ ಇವಳು, ಇನ್ನೊಂದು ತುದಿ ಅವಳು. ದಿನಾ ಒಟ್ಟಿಗೆ ನಡೆದು ಹೋಗುತ್ತಿದ್ದರು.

"ಅಕ್ಕಾ, ಹೊರಡೋಕೆ ಮುಂಚೆ ಒಂದ್ನಿಮಿಷ ಬಾತ್‌ರೂಮಿಗೆ ಹೋಗಿ ಬರ್ಲಾ?" ಎಂದು ಜೋಡಿ ಕೇಳಿದಳು.

"ನೀರಿಲ್ಲ ಕಣೇ" ಅಂದಳು ಇವಳು. ಬಾಯಿಗೆ ಬಂದದ್ದೇ ಅದು. "ಬೆಳಗ್ಗಿಂದ ಒಂದು ಹನೀನೂ ಬಂದಿಲ್ಲ. ಪಕ್ಕದ ಟೈಲರಮ್ಮನ ಮನೇಲಿ ಹೋಗಿ ಬಾ."

ಜೋಡಿ ಜಗಲಿಯ ಕಡೆ ನೋಡಿ ನಕ್ಕಳು. "ಏನಣ್ಣಾ, ಊರಿಗೆಲ್ಲ ನಲ್ಲಿ ಹಾಕೋರ ಮನೇಲೇ ನೀರಿಲ್ವಾ?"

"ಹ್ಞೂ ತಾಯಿ. ಹಾಗೇ ಆಗೋದು" ಎಂದ ಅವನು. ಅವನೂ ನಕ್ಕ. ನಗು ಹಲ್ಲಿನ ತನಕ ಬಂದು ನಿಂತಿತು.

ನೀರಿತ್ತು. ಅಂಗಳದ ನಲ್ಲಿಯ ಕೆಳಗೆ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಜೋಡಿಗೆ ಅದು ಕೇಳಿಸಿತೋ ಇಲ್ಲವೋ, ಕೇಳಿಸದವಳ ಹಾಗೆ ಪಕ್ಕದ ಮನೆಗೆ ಹೋದಳು. ಅವನು ಚೀಲ ಹೆಗಲಿಗೇರಿಸಿದ. ಮುಖ ಮೇಲೆತ್ತಲಿಲ್ಲ.

"ನಾಳೆ ಹಾಕ್ತೀನಿ" ಅಂದ.

ಅವಳು ಬಕೆಟ್ಟಿನ ನಲ್ಲಿ ನಿಲ್ಲಿಸಲು ಹೋದಳು. ತಿರುಗಿ ಬರುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ. ಅವಳು ಅವನನ್ನು ನೋಡಿದ್ದು ಅಷ್ಟೇ, ಬೆನ್ನು ಮತ್ತು ಚೀಲ.

ನಾಳೆ ಹಾಕುತ್ತೇನೆ ಎಂದದ್ದು ಫ್ಲಶ್ ಟ್ಯಾಂಕನ್ನು. ಅವರ ಮನೆಯ ಕಮೋಡಿನ ಬೆನ್ನಿಗೆ ಕೂತ ಪಿಂಗಾಣಿ ಟ್ಯಾಂಕು ಬಿರುಕು ಬಿಟ್ಟು ಮೂರ್ನಾಲ್ಕು ವರ್ಷ ಆಗಿತ್ತು. ಮನೆಯ ಯಜಮಾನ ಪ್ಲಂಬರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇದು ಕತ್ತಲೆಯೂ ಅಲ್ಲ, ತೊಟ್ಟಿಕ್ಕುವ ನೀರು.

ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು 'ಈಗ್ಬಂದೆ'. ಯಾರು ಫೋನು ಮಾಡಲಿ, ಯಾವ ಹೊತ್ತಿಗೆ ಮಾಡಲಿ, "ಈಗ ಬಂದೆ" ಅನ್ನುತ್ತಿದ್ದ. ಬರುತ್ತಲೂ ಇದ್ದ, ತಡವಾಗಿಯಾದರೂ. ಉಣ್ಣುವ ತಟ್ಟೆ ಬಿಟ್ಟು ಹೋದದ್ದುಂಟು. ಹೊರಗಿನವರಿಗೆ ಈಗ, ಮನೆಯವಳಿಗೆ ನಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಮುಖಕ್ಕೇ ಹೇಳುತ್ತಿದ್ದಳು. "ಮಾರಿ ಆದ್ರೂ ಮನೇಲೇ ಇದೀನಲ್ಲ" ಅನ್ನುತ್ತಿದ್ದ.

ಹುಡುಗನಾಗಿದ್ದಾಗ ಗಾರೆ ಕೆಲಸದವರ ಹಿಂದೆ ಮರಳು ಹೊರಲು ಹೋಗಿ, ಅಲ್ಲಿ ಪೈಪು ಜೋಡಿಸುವವನನ್ನು ನೋಡಿ ಇದೇ ಕೆಲಸ ಎಂದು ಹಿಡಿದವನು. ಕೈ ಚುರುಕಿತ್ತು, ಕಿವಿ ಅದಕ್ಕಿಂತ ಚುರುಕಿತ್ತು. ಸ್ಕ್ರೂ ಡ್ರೈವರಿನ ತುದಿಯನ್ನು ಗೋಡೆಗಿಟ್ಟು ಹಿಡಿಯನ್ನು ಕಿವಿಗಿಟ್ಟು, ಒಳಗೆ ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದ. ಹೊಸ ಟ್ಯಾಂಕು ತಂದರೆ ಮೊದಲು ಉಗುರಿನಿಂದ ತಟ್ಟಿ ನೋಡುತ್ತಿದ್ದ. ಟಣ್ ಎಂದರೆ ಗಟ್ಟಿ, ಟಪ್ ಎಂದರೆ ಒಡಕು. ಅಂಗಡಿಯವನಿಗೆ ಅದನ್ನು ಕಂಡರೆ ಭಯ. ಕೆಲಸ ಮುಗಿಸಿದ ಮನೆಯಲ್ಲಿ ಟೀ ಕೊಟ್ಟರೆ ನಿಂತೇ ಕುಡಿಯುತ್ತಿದ್ದ, ಕೂರುತ್ತಿರಲಿಲ್ಲ. ಕೊಳೆ ಮೆತ್ತಿದ ತನ್ನ ಪ್ಯಾಂಟಿನ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ.

ಬಾಯಿ ಮಾತ್ರ ಅವನ ಕೈಯಲ್ಲಿ ಇರಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೆ ಯಾರಾದರೂ ಸೋಪಿನ ಡಬ್ಬ ಇಟ್ಟಿದ್ದರೂ ಬೈಯುತ್ತಿದ್ದ. "ಇದೇನು ಸ್ಟೂಲಾ? ನಾಳೆ ಹತ್ತಿ ನಿಂತ್ಕೋತೀರಿ" ಅನ್ನುತ್ತಿದ್ದ. ಒಮ್ಮೆ ಲಾಡ್ಜಿನವನೊಬ್ಬ ನಿಜವಾಗಿ ಹತ್ತಿ ನಿಂತು ಟ್ಯಾಂಕು ಸೀಳಿಸಿಕೊಂಡಿದ್ದ. ಆ ಕಥೆಯನ್ನು ಈಗ್ಬಂದೆ ಹೋದಲ್ಲೆಲ್ಲ ಹೇಳಿ, ಲಾಡ್ಜಿನವನು ಆ ರಸ್ತೆಯಲ್ಲಿ ತಲೆ ಎತ್ತಿ ಓಡಾಡದ ಹಾಗೆ ಮಾಡಿಬಿಟ್ಟ.

ಇನ್ನೊಂದು ಮಾತೂ ಅವನದೇ. ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನಿದ್ದ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ತಿರುಗಿದವರು. ಒಂದು ಮದುವೆ ಮಂಟಪದಲ್ಲಿ ಪೈಪು ಸೀಳಿದಾಗ ಹೊಸದು ತರುವಷ್ಟು ಹೊತ್ತಿಲ್ಲವೆಂದು ಉದ್ದಣ್ಣ ಟ್ಯೂಬು ಸುತ್ತಿ ಅಂಟು ಮೆತ್ತಿದ. ಈಗ್ಬಂದೆ ಬಂದು ನೋಡಿದವನು, ಮಂಟಪದ ಮಾಲೀಕ, ಅಡಿಗೆಯವರು, ಎಲ್ಲರ ಎದುರಿಗೆ, "ತೇಪೆ ಹಾಕೋನು ಪ್ಲಂಬರ್ ಅಲ್ಲ ಕಣಯ್ಯ, ದರ್ಜಿ. ಹೋಗಿ ಮಿಷನ್ ತುಳಿ" ಅಂದ. ಜನ ನಕ್ಕರು. ಉದ್ದಣ್ಣ ನಗಲಿಲ್ಲ. ತನ್ನ ಪಾಲಿನ ಸ್ಪ್ಯಾನರು ಎತ್ತಿಕೊಂಡು ನಡೆದು ಹೋದ. ಅವತ್ತಿನಿಂದ ಊರಿನವರು ಅವನನ್ನು ದರ್ಜಿ ಎಂದೂ ಕರೆಯತೊಡಗಿದರು. ಇಬ್ಬರ ನಡುವೆ ಮಾತು ನಿಂತಿತು.

ಇಂಥವನು ಒಂದು ಭಾನುವಾರ ತನ್ನ ಮನೆಯ ಬಲ್ಬು ಬದಲಿಸಲು ಸ್ಟೂಲು ತರುವ ಸೋಮಾರಿತನಕ್ಕೆ ಟ್ಯಾಂಕಿನ ಮೇಲೆ ಕಾಲಿಟ್ಟ. ಚಟ್ ಎಂದಿತು. ಅಡಿಗೆ ಮನೆಯಲ್ಲಿದ್ದ ಅವಳಿಗೂ ಕೇಳಿಸಿತು.

"ಏನ್ರೀ ಅದು?"

"ಏನಿಲ್ಲ" ಅಂದ. ಆ ಏನಿಲ್ಲದಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು.

ಆವತ್ತಿನಿಂದ ತೇಪೆ. ಎರಡು ಬಣ್ಣದ ಅಂಟು ಕಲಸಿ ಬಿರುಕಿಗೆ ತುಂಬಿದ. ಅದು ಸೋರಿತು. ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಅಂಟಿಸಿದ. ಅದರ ಮೇಲೆ ತಗಡು, ತಗಡಿನ ಮೇಲೆ ತಂತಿ, ತಂತಿಗೆ ಮತ್ತೆ ಅಂಟು. ಟ್ಯಾಂಕು ಯುದ್ಧದಿಂದ ಬಂದವನ ಹಾಗೆ ಕಾಣುತ್ತಿತ್ತು. ರಾತ್ರಿ ಮಲಗುವ ಮುಂಚೆ ಟ್ಯಾಂಕಿಗೆ ನೀರು ಬಿಡುವ ಗೋಡೆಯ ಚಿಕ್ಕ ನಲ್ಲಿ ನಿಲ್ಲಿಸಬೇಕು, ಬೆಳಗ್ಗೆ ಬಿಡಬೇಕು.

"ಹೊಸದೊಂದು ತಂದು ಹಾಕಿ" ಎಂದಳು.

"ಅಂಗಡಿಯವನು ಯಾವ ಮನೆಗೆ ಅಂತ ಕೇಳ್ತಾನೆ."

"ನಮ್ಮನೆಗೆ ಅನ್ನಿ."

"ಹೇಗೆ ಒಡೀತು ಅಂತ ಕೇಳ್ತಾನೆ."

ಮನೆಗೆ ಬಂದವರನ್ನೆಲ್ಲ ನೀರಿಲ್ಲ ಎಂದು ಪಕ್ಕದ ಮನೆಗೆ ಕಳಿಸುವುದು ಅಲ್ಲಿಂದ ಶುರುವಾಯಿತು. ಸುಳ್ಳು ಹೇಳುವವಳು ಅವಳು. ಕೇಳಿಸಿಕೊಂಡು ಸುಮ್ಮನಿರುವವನು ಅವನು.

ಜೋಡಿಗೆ ನೀರಿಲ್ಲ ಎಂದ ಆ ದಿನವೇ ಮಧ್ಯಾಹ್ನ ಯಾರದೋ ಮನೆಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದವನು ಸುಸ್ತು ಎಂದು ಗೋಡೆಗೆ ಒರಗಿ ಕೂತ. ಏಳಲಿಲ್ಲ. ಎದೆ ಕೈ ಕೊಟ್ಟಿತು ಎಂದರು. ಕೂರುವ ಮುಂಚೆ ಫೋನಿನಲ್ಲಿ ಯಾರಿಗೋ ಈಗ ಬಂದೆ ಅಂದಿದ್ದನಂತೆ. ಅದು ಬೇಕರಿಯವನು. ಸಂಜೆಯ ತನಕ ಕಾದು, ಬಾಯಿಗೆ ಬಂದ ಹಾಗೆ ಬೈದು, ಮಾರನೇ ದಿನ ವಿಷಯ ತಿಳಿದು ಓಡಿ ಬಂದ. ಹೊಸ್ತಿಲ ಆಚೆಯೇ ನಿಂತ.

"ಬೈದ್ಬಿಟ್ಟೆ ತಾಯಿ. ಗೊತ್ತಿರ್ಲಿಲ್ಲ."

"ಎಲ್ಲರೂ ಬೈತಿದ್ರು ಬಿಡಿ" ಅಂದಳು ಅವಳು.

ಬಂದ ಜನಕ್ಕೆ ಲೆಕ್ಕವಿರಲಿಲ್ಲ. ಅವನು ನಲ್ಲಿ ಹಾಕದ ಮನೆಯೇ ಊರಲ್ಲಿ ಇರಲಿಲ್ಲವೇನೋ. ಅಳುತ್ತಾ ಕೂತಿದ್ದವಳ ಕಿವಿ ಮಾತ್ರ ಬಚ್ಚಲ ಕಡೆಗಿತ್ತು. ಯಾರಾದರೂ ಎದ್ದು ಹಿಂದಕ್ಕೆ ಹೋದರೆ ಸೆರಗು ಬಾಯಿಂದ ತೆಗೆದು, "ನೀರಿಲ್ಲ, ಪಕ್ಕದ ಮನೆ" ಎಂದು ಹೇಳಿ ಮತ್ತೆ ಅಳುತ್ತಿದ್ದಳು. ಹೀಗೂ ಉಂಟೇ ಎಂದು ತನ್ನ ಮೇಲೇ ಅಸಹ್ಯವಾಯಿತು. ಟೈಲರಮ್ಮನ ಬಾಗಿಲಲ್ಲಿ ಸಾಲು ನಿಂತಿತ್ತು. ಟೈಲರಮ್ಮ ಒಬ್ಬೊಬ್ಬರಿಗೂ ದಾರಿ ತೋರಿಸಿದಳು, ಒಂದು ಮಾತು ಆಡಲಿಲ್ಲ. ಎರಡು ಮನೆಗೂ ಒಂದೇ ಪೈಪಿನಿಂದ ನೀರು ಬರುವುದು ಎಂದು ಅವಳಿಗೆ ಗೊತ್ತು.

ಉದ್ದಣ್ಣನೂ ಬಂದಿದ್ದ. ಒಳಗೆ ಬರಲಿಲ್ಲ. ಬೀದಿಯಲ್ಲಿ ನಿಂತು, ಜನರ ತಲೆಗಳ ಮೇಲಿನಿಂದ ಒಮ್ಮೆ ನೋಡಿ ಹೋದ.

ಮಣ್ಣಾದ ಮಾರನೇ ಬೆಳಗ್ಗೆ ಎದ್ದು ಬಚ್ಚಲಿಗೆ ಕಾಲಿಟ್ಟವಳು ಜಾರಿದಳು. ಬಾಗಿಲು ಹಿಡಿದುಕೊಂಡದ್ದಕ್ಕೆ ಸೊಂಟ ಉಳಿಯಿತು. ನೆಲವೆಲ್ಲ ನೀರು. ನಲ್ಲಿ ನಿಲ್ಲಿಸಲು ಮರೆತೆ ಎಂದುಕೊಂಡು ಆ ರಾತ್ರಿ ನೆನಪಿಟ್ಟು ನಿಲ್ಲಿಸಿದಳು. ಮತ್ತೆ ಬೆಳಗ್ಗೆ ನೀರು. ಕಡಿಮೆ, ಆದರೂ ನೀರು. ಟ್ಯಾಂಕಿನ ಹಿಂದೆ ಪೈಪಿಗೆ ಅವನ ಹಳೆಯ ಬನಿಯನ್ನು ನೇತಾಡುತ್ತಿತ್ತು. ಅದು ಅಲ್ಲೇಕೆ ಎಂದು ಅವಳು ಎಷ್ಟು ಸಲ ಬೈದಿದ್ದಳೋ, ಎಷ್ಟು ಸಲ ಎತ್ತಿ ಒಗೆಯಲು ಹಾಕಿದ್ದಳೋ. ಮತ್ತೆ ಅಲ್ಲೇ ಬಂದು ನೇತಾಡುತ್ತಿತ್ತು.

ಬೆಳಗ್ಗೆ ಅವಳಿಗಿಂತ ಮುಂಚೆ ಎದ್ದು ಅವನು ಬಚ್ಚಲಲ್ಲಿ ಮಾಡುತ್ತಿದ್ದ ಸದ್ದು ಏನೆಂದು ಅವಳಿಗೆ ಆಗ ತಿಳಿಯಿತು. ಅವನ ಹಾಗೆಯೇ ಅವಳೂ ಆ ಬನಿಯನ್ನಿನಿಂದ ನೆಲ ಒರೆಸಿದಳು. ಹಿಂಡಿದಳು. ಅಲ್ಲೇ ನೇತುಹಾಕಿದಳು.

ಸ್ವಲ್ಪ ದಿನಕ್ಕೆ ಗಂಡನ ಅಕ್ಕ ಫೋನು ಮಾಡಿದಳು. ಇವಳಿಗೆ ಅತ್ತಿಗೆ. ಬೇರೆ ಊರು. ಮಣ್ಣಿಗೆ ಬಂದು ಅದೇ ಸಂಜೆ ಹೋಗಿದ್ದಳು.

"ಮುಂದಿನ ಭಾನುವಾರ ಬರ್ತೀನಿ ಕಣೇ. ನಾಲ್ಕು ದಿನ ನಿನ್ನ ಜೊತೆ ಇರ್ತೀನಿ. ನನ್ನ ತಮ್ಮ ಓಡಾಡಿದ ಮನೆ, ಕಣ್ತುಂಬ ನೋಡ್ಬೇಕು."

"ಬನ್ನಿ ಅತ್ತಿಗೆ" ಅಂದಳು. ಕಣ್ತುಂಬ ನೋಡಿದರೆ ಏನೇನು ಕಾಣುತ್ತದೆ ಎಂದು ಬಚ್ಚಲ ಬಾಗಿಲನ್ನು ಎಳೆದು ಮುಚ್ಚಿದಳು. ಅತ್ತಿಗೆಗೆ ತಮ್ಮನೆಂದರೆ ಪ್ರಾಣ. ತಮ್ಮನ ಕೆಲಸವೆಂದರೆ ಶಾಸನ. ಅವಳ ಊರಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, "ನನ್ನ ತಮ್ಮ ಆಗಿದ್ರೆ" ಎಂದು ಶುರು ಮಾಡುವವಳು. ನಾಲ್ಕು ದಿನ ಇರುವವಳನ್ನು ನಾಲ್ಕು ದಿನವೂ ಟೈಲರಮ್ಮನ ಮನೆಗೆ ಕಳಿಸಲಾಗದು.

ಪ್ಲಂಬರನ್ನು ಕರೆಸಬಹುದಿತ್ತು. ಯಾರನ್ನು? ಊರಿನ ಪ್ಲಂಬರುಗಳೆಲ್ಲ ಒಂದೋ ಅವನ ಕೈಕೆಳಗೆ ಕಲಿತವರು, ಇಲ್ಲ ಅವನ ಬಾಯಿಗೆ ಬಿದ್ದವರು. ಆ ತಗಡು ತಂತಿಯ ಟ್ಯಾಂಕನ್ನು ಅವರಲ್ಲಿ ಒಬ್ಬ ನೋಡಿದರೆ ಸಾಕು, ಸಂಜೆಗೆ ಊರೆಲ್ಲ ನಗು. ಸತ್ತವನು ಎದ್ದು ಬಂದು ಉತ್ತರ ಹೇಳುವ ಹಾಗಿಲ್ಲ. ಅವನು ಉಳಿಸಿ ಹೋದದ್ದು ಅದೊಂದೇ, ಕೆಲಸದ ಮೇಲಿನ ಹೆಸರು. ಮಕ್ಕಳಿಲ್ಲ, ಮರಿಯಿಲ್ಲ.

ಅವಳೇ ಹಾಕುವುದೆಂದು ತೀರ್ಮಾನ ಮಾಡಿದಳು. ಇಷ್ಟು ವರ್ಷ ನೋಡಿಲ್ಲವೇ? ಅವನ ಸಂಗಡ ಇದ್ದು ವಾಷರು ಯಾವುದು, ಗ್ಯಾಸ್ಕೆಟ್ಟು ಯಾವುದು ಎಂದು ಬಾಯಿಪಾಠ ಆಗಿತ್ತು. ಅವನ ಪರಿಚಯದ ಅಂಗಡಿಗೆ ಹೋಗಲಿಲ್ಲ. ಬಸ್ಸು ಹತ್ತಿ ಊರಿನ ಆಚೆ ಬದಿಯ ಅಂಗಡಿಗೆ ಹೋದಳು. ಅಲ್ಲಿಯ ಹುಡುಗಿ, "ಯಾವ ಪ್ಲಂಬರ್ ಹಾಕ್ತಾರಮ್ಮ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಯಾವ ಪ್ಲಂಬರೂ ಗೊತ್ತಿಲ್ಲ ನನಗೆ" ಅಂದುಬಿಟ್ಟಳು. ಆಟೊದಲ್ಲಿ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೊಂದು ಚಾದರ ಹೊದಿಸಿ ತಂದಳು. ಬೀದಿಯವರು ಕೂಸಿದೆಯೇನೋ ಎಂಬಂತೆ ನೋಡಿದರು. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ತಿರುಗಿತು. ಯಾವ ಪ್ಲಂಬರೂ ಗೊತ್ತಿಲ್ಲ.

ಹಳೆಯದನ್ನು ಬಿಚ್ಚಲು ಅರ್ಧ ದಿನ ಹಿಡಿಯಿತು. ಅಡಿಯ ನಟ್ಟುಗಳು ತುಕ್ಕು ಹಿಡಿದಿದ್ದವು. ಮಗ್ಗಿನಿಂದ ನೀರು ತೆಗೆದು, ಬಟ್ಟೆಯಿಂದ ಹೀರಿಸಿ, ಅಡಿಯಲ್ಲಿ ಅಂಗಾತ ಮಲಗಿ ಅವನ ಸ್ಪ್ಯಾನರು ಹಾಕಿ ತಿರುಗಿಸಿದಳು. ಬಿಚ್ಚಿದ್ದನ್ನು ಅಪ್ಪಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಹಿಂದಿಟ್ಟು ಗೋಣಿ ಹೊದಿಸಿದಳು. ಹೊಸದನ್ನು ಕೂರಿಸಿದಳು. ರಬ್ಬರಿನ ಉಂಗುರ, ವಾಷರು, ಬೋಲ್ಟು, ನಟ್ಟು. ಎಲ್ಲ ಅವನ ಹಾಗೆಯೇ. ನೀರು ಬಿಟ್ಟಳು. ತುಂಬಿತು. ಅಡಿಯಲ್ಲಿ ಒಂದು ಹನಿ ನಿಂತಿತು. ಬಿತ್ತು. ಇನ್ನೊಂದು ನಿಂತಿತು.

ಇನ್ನೊಂದು ಸುತ್ತು ಬಿಗಿ ಮಾಡಿದಳು. ಹನಿ ನಿಲ್ಲಲಿಲ್ಲ. ಒದ್ದೆ ಚಾದರ ಹಿಂಡಿ ಹಿಂಡಿ ಗಟ್ಟಿಯಾದ ಕೈ ಅವಳದು. ಹಲ್ಲು ಕಚ್ಚಿ ಇನ್ನೂ ಒಂದು ಸುತ್ತು ಎಳೆದಳು.

ಚಟ್ ಎಂದಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ಬೋಲ್ಟಿನ ತೂತಿನಿಂದ ಕೂದಲೆಳೆಯಂಥ ಗೆರೆ ಮೇಲಕ್ಕೆ ಹತ್ತಿತು. "ಪಿಂಗಾಣಿಗೆ ಬೋಲ್ಟ್ ಹಾಕೋದು ಕೂಸಿಗೆ ಅಂಗಿ ಗುಂಡಿ ಹಾಕ್ದಂಗಿರ್ಬೇಕು" ಎಂದು ಅವನು ಕೆಲಸ ಕಲಿಯಲು ಬಂದವರಿಗೆಲ್ಲ ಜಗಲಿಯಲ್ಲಿ ಕೂತು ಹೇಳುತ್ತಿದ್ದ. ಅಡಿಗೆ ಮನೆಯಿಂದ ಕೇಳಿಸಿಕೊಂಡು ನಗುತ್ತಿದ್ದವಳು ಅವಳೇ.

ಪಕ್ಕದ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಗೋಡೆಯಾಚೆಯಿಂದ ಟೈಲರಮ್ಮನ ಧ್ವನಿ. "ಏನೇ ಒಡೀತು?"

"ಪಾತ್ರೆ."

"ಪಾತ್ರೆ ಹಾಗೆ ಸದ್ದು ಮಾಡಲ್ಲ."

"ನಮ್ಮನೇದು ಮಾಡತ್ತೆ."

ಮಿಷನ್ನು ಮತ್ತೆ ಶುರುವಾಯಿತು. ಸ್ವಲ್ಪ ದೂರ ಓಡಿ ನಿಂತಿತು. "ನೀನು ಸುಳ್ಳು ಹೇಳು, ನಾನು ನಂಬ್ತೀನಿ. ಆದ್ರೆ ಸೊಂಟ ಮುರ್ಕೋಬೇಡ. ಆ ಉದ್ದಣ್ಣನ್ನ ಕರಿ."

"ಅವನ್ಯಾಕೆ?"

"ಮತ್ಯಾರು? ಮಿಕ್ಕೋರೆಲ್ಲ ಹಿಂದೆ ಆಡ್ಕೋತಾರೆ. ಅವನು ಬೈದ್ರೆ ಮುಖಕ್ಕೇ ಬೈತಾನೆ. ಕೇಳಿಸ್ಕೊಂಡ್ರೆ ಮುಗೀತು."

ಭಾನುವಾರಕ್ಕೆ ಹೆಚ್ಚು ದಿನ ಇರಲಿಲ್ಲ. ಸಂಜೆ ಕೆಲಸದಿಂದ ನೇರ ಉದ್ದಣ್ಣನ ಮನೆಗೆ ಹೋದಳು. ಅವನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ. ಅವಳನ್ನು ಕಂಡು ಮಗ್ಗು ಕೆಳಗಿಟ್ಟ. ಅವಳು ನೆಲ ನೋಡುತ್ತಾ, "ಮನೇಲಿ ನಲ್ಲಿ ಸೋರ್ತಿದೆ ಅಣ್ಣ" ಅಂದಳು. ಇಲ್ಲಿಯೂ ಸುಳ್ಳೇ, ಅರ್ಧ.

ಬಾ ಎಂದು ಕರೆದು ಕೂರಿಸಿ ಹಳೆಯದನ್ನೆಲ್ಲ ತೆಗೆಯುತ್ತಾನೆ ಎಂದು ಕಾದಳು. ಅವನು ಕೇಳಲಿಲ್ಲ.

"ನಾಳೆ ಬೆಳಗ್ಗೆ ಬರ್ತೀನಿ ತಂಗಿ" ಎಂದ.

ನಾಳೆ ಎಂದವನು ನಾಳೆಯೇ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ಒಡೆದ ಹೊಸ ಟ್ಯಾಂಕು ನೋಡಿದ. ಉಗುರಿನಿಂದ ತಟ್ಟಿದ. ಟಪ್ ಎಂದಿತು. ಆ ತಟ್ಟುವುದನ್ನು ಕಂಡು ಅವಳು ಮುಖ ತಿರುಗಿಸಿದಳು.

"ಯಾರು ಹಾಕಿದ್ದು?"

"ನಾನೇ."

"ಹಳೇದೆಲ್ಲಿ?"

ಇದಕ್ಕೇ ಅವಳು ರಾತ್ರಿಯೆಲ್ಲ ಉತ್ತರ ಹುಡುಕಿದ್ದಳು. ಗುಜರಿಯವನಿಗೆ ಹಾಕಿದೆ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಅವನು ಕೈ ತೊಳೆಯಲು ಹಿತ್ತಲಿಗೆ ಹೋದ. ಗೋಣಿ ಅರ್ಧ ಜಾರಿತ್ತು. ತಗಡಿನ ಮೇಲೆ ಬಿಸಿಲು ಬಿದ್ದು ಮಿಂಚುತ್ತಿತ್ತು.

ಉದ್ದಣ್ಣ ಗೋಣಿ ತೆಗೆದ. ಕುಕ್ಕರಗಾಲಿನಲ್ಲಿ ಕೂತ. ಅಂಟಿನ ಮೇಲೆ ಬೆರಳಾಡಿಸಿದ, ಟ್ಯೂಬಿನ ಪಟ್ಟಿ ಮುಟ್ಟಿದ, ತಂತಿಯ ಗಂಟು ಹಿಡಿದು ನೋಡಿದ. ಒಂದೇ ಸೈಕಲ್ಲಿನಲ್ಲಿ ತಿರುಗಿದವನಿಗೆ ಆ ಗಂಟು ಯಾರದು ಎಂದು ಹೇಳಿಕೊಡಬೇಕಾಗಿರಲಿಲ್ಲ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಅನ್ನಿಸಿತು ಅವಳಿಗೆ.

"ಅದೂ ನಾನೇ ಹಾಕಿದ್ದು" ಅಂದಳು. "ತೇಪೆ. ಅವರಿಗೆ ಗೊತ್ತಿಲ್ದಂಗೆ."

ಅವನು ತಂತಿಯ ಗಂಟಿನಿಂದ ಕೈ ತೆಗೆದ.

"ನೀವೇನಾ?"

"ಹ್ಞೂ."

"ಕೈ ಚೆನ್ನಾಗಿದೆ. ದರ್ಜಿ ಕೆಲಸ" ಎಂದ.

ನಗಲಿಲ್ಲ. ಬಿರುಕನ್ನು ಬೆರಳಿನಿಂದ ಹಿಂಬಾಲಿಸುತ್ತಾ ಮೇಲಕ್ಕೆ ಹೋದ. ಅದು ಮುಚ್ಚಳ ಕೂರುವ ಅಂಚಿನ ಮೂಲೆಯಿಂದ ಶುರುವಾಗಿತ್ತು. ಎದ್ದು ಬಚ್ಚಲಿಗೆ ಹೋಗಿ ಹಳೆಯ ಟ್ಯಾಂಕಿದ್ದ ಜಾಗ ನೋಡಿದ. ಆಮೇಲೆ ತಲೆ ಎತ್ತಿ ಮೇಲೆ ನೋಡಿದ. ನೇರ ಮೇಲೆ ಬಲ್ಬು. ಉದ್ದಣ್ಣನಿಗೆ ನಿಂತಲ್ಲೇ ಕೈ ಎಟುಕುವಷ್ಟು ಮೇಲೆ. ಈಗ್ಬಂದೆಯಂಥ ಗಿಡ್ಡನಿಗೆ ಎಟುಕುವುದಿಲ್ಲ.

ಅವನು ತಲೆ ಇಳಿಸಿದ. ಅವಳ ಮುಖ ನೋಡಲಿಲ್ಲ. ಅದೇ ಅವಳಿಗೆ ಹೊಡೆದ ಹಾಗಾಯಿತು.

"ಸುತ್ತಿಗೆ ಇದೆಯಾ? ಅವನದ್ದು?"

ಚೀಲದಿಂದ ತೆಗೆದು ಕೊಟ್ಟಳು. ಅವನು ಹಳೆಯ ಟ್ಯಾಂಕಿನ ತಂತಿ ಬಿಚ್ಚಿದ, ತಗಡು ಕಿತ್ತ, ಟ್ಯೂಬಿನ ಪಟ್ಟಿಗಳನ್ನು ಸುಲಿದ. ಎಲ್ಲವನ್ನೂ ಬೇರೆ ಕಟ್ಟಿಟ್ಟ. ಟ್ಯಾಂಕಿಗೆ ಗೋಣಿ ಸುತ್ತಿ ಮೇಲಿನಿಂದ ಹೊಡೆದ. ಸದ್ದು ಹೊರಗೆ ಹೋಗದ ಹಾಗೆ, ಮೆತ್ತಗೆ, ಬೇಕಾದಷ್ಟೇ. ಅಂಟು ಮೆತ್ತಿದ ಚೂರುಗಳನ್ನು ಇನ್ನೊಮ್ಮೆ ಹೊಡೆದು ಸಣ್ಣ ಮಾಡಿದ. ಹೊಸ ಒಡಕಿನದ್ದನ್ನೂ ಹಾಗೆಯೇ ಮಾಡಿದ. ಚೀಲ ಕಟ್ಟಿ ಹೆಗಲಿಗೆ ಹಾಕಿಕೊಂಡ.

"ಬೀದೀಲಿ ಯಾರಾದ್ರೂ ಕೇಳಿದ್ರೆ ಹಳೇ ಟೈಲ್ಸ್ ಅನ್ನಿ."

ಆ ಚೂರುಗಳಲ್ಲಿ ಅವಳ ಗಂಡನ ಬೆರಳಿನ ಗುರುತುಗಳಿದ್ದವು, ಅಂಟು ಒತ್ತಿದ ಕಡೆ. ಬೇಡ, ಬಿಡಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಮುಚ್ಚಿಡಬೇಕೆಂದು ಹೊರಟವಳೇ ಅವಳು. ಈಗ ಮುಚ್ಚಿಹೋಯಿತು.

ಊಟದ ಹೊತ್ತಿಗೆ ಉದ್ದಣ್ಣ ಹೊಸ ಟ್ಯಾಂಕಿನೊಂದಿಗೆ ಮರಳಿ ಬಂದ. ಅವಳು ಪೆಟ್ಟಿಗೆಯ ಮೇಲಿನ ಚೀಟಿ ನೋಡಿದಳು. ಈಗ್ಬಂದೆ ದಿನಾ ಹೋಗುತ್ತಿದ್ದ ಅದೇ ಅಂಗಡಿ.

"ಅಲ್ಲಿಂದ ತಂದ್ರಾ ಅಣ್ಣ? ಯಾವ ಮನೆಗೆ ಅಂತ ಕೇಳ್ಲಿಲ್ವಾ?"

"ಕೇಳ್ದ. ನಮ್ಮನೆಗೆ ಅಂದೆ."

ಅವನು ಅಡಿಯಲ್ಲಿ ಮಲಗಿ ರಬ್ಬರಿನ ಉಂಗುರ ಕೂರಿಸುತ್ತಿದ್ದ. ಉದ್ದದ ಕಾಲುಗಳು ಬಚ್ಚಲು ದಾಟಿ ನಡುಮನೆಗೆ ಬಂದಿದ್ದವು.

"ಹೇಗೆ ಒಡೀತು ಅಂತ ಕೇಳ್ದ" ಎಂದ ಅಡಿಯಿಂದಲೇ. "ಬಲ್ಬ್ ಹಾಕೋಕೆ ಮೇಲೆ ಹತ್ತಿದ್ದೆ ಅಂದೆ. ಅಂಗಡಿಯವನು ನಕ್ಕಿದ್ದೇ ನಕ್ಕಿದ್ದು. ನಿನ್ನ ಎತ್ತರಕ್ಕೆ ಟ್ಯಾಂಕ್ ಯಾಕೆ ಬೇಕಿತ್ತೋ ದರ್ಜಿ, ಈಗ್ಬಂದೆ ಇದ್ದಿದ್ರೆ ನಿನ್ನ ಊರು ಬಿಡಿಸ್ತಿದ್ದ ಅಂದ. ಹೌದಪ್ಪ, ಬಿಡಿಸ್ತಿದ್ದ ಅಂದೆ."

ನಟ್ಟು ತಿರುಗುವ ಸದ್ದು. ಬೆರಳಿನಲ್ಲೇ ತಿರುಗಿಸುತ್ತಿದ್ದ, ಸ್ಪ್ಯಾನರು ಪಕ್ಕದಲ್ಲಿ ಬಿದ್ದಿತ್ತು.

ಮೂರ್ನಾಲ್ಕು ವರ್ಷ ಅವಳ ಗಂಡನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಇವನು ಒಂದೇ ಉಸಿರಿಗೆ ಹೇಳಿ ಬಂದಿದ್ದ, ತನ್ನ ತಲೆಯ ಮೇಲೆ ಹಾಕಿಕೊಂಡು. ಅವಳು ಟೀ ಲೋಟ ಹಿಡಿದು ನಿಂತಿದ್ದಳು. ಏನಾದರೂ ಹೇಳಬೇಕು. ಅದು ನಾನು ಹಾಕಿದ ತೇಪೆ ಅಲ್ಲ ಎಂದಾದರೂ ಹೇಳಬೇಕು. ಗೊತ್ತಿದ್ದವನಿಗೆ ಮತ್ತೆ ಹೇಳುವುದು ಹೇಗೆ? ಇಲ್ಲಿಯ ತನಕ ಗಂಡನ ಹೆಸರು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಬಾಗಿಲಿಗೆ ಬಂದವರಿಗೆಲ್ಲ ನೀರಿಲ್ಲ ಎಂದಾಗ, ಅಂಗಡಿಯ ಹುಡುಗಿಗೆ ಯಾವ ಪ್ಲಂಬರೂ ಗೊತ್ತಿಲ್ಲ ಎಂದಾಗ, ನಾಚಿಕೆಪಟ್ಟುಕೊಂಡದ್ದು ಟ್ಯಾಂಕಿನ ಬಗ್ಗೆ ಅಲ್ಲ, ಗಂಡನ ಬಗ್ಗೆ. ಜಗಲಿಯಲ್ಲಿ ಕೂತು ಸ್ಪ್ಯಾನರು ಜೋಡಿಸುತ್ತಿದ್ದವನಿಗೆ ಅದು ಗೊತ್ತಾಗದೆ ಇತ್ತೇ?

"ಟೀ ಆರ್ತಿದೆ ಅಣ್ಣ" ಅಂದಳು. ಬಾಯಿಗೆ ಬಂದದ್ದು ಅಷ್ಟೇ.

ಉದ್ದಣ್ಣ ಎದ್ದು ಕೈ ಒರೆಸಿಕೊಂಡ. ನೀರು ಬಿಟ್ಟ. ಟ್ಯಾಂಕು ತುಂಬಿ, ಸದ್ದು ಸಣ್ಣದಾಗಿ, ನಿಂತಿತು. ಇಬ್ಬರೂ ಅಡಿಯ ಬೋಲ್ಟುಗಳನ್ನು ನೋಡುತ್ತಾ ನಿಂತರು. ಹನಿ ಇಲ್ಲ. ಅವನು ಟೀ ತೆಗೆದುಕೊಂಡು ನಿಂತೇ ಕುಡಿದ. ಪೈಪಿಗೆ ನೇತಾಡುತ್ತಿದ್ದ ಬನಿಯನ್ನು ನೋಡಿ, "ಇನ್ನು ಇದು ಬೇಕಾಗಲ್ಲ" ಎಂದು ತೆಗೆಯಲು ಕೈ ಹಾಕಿದ.

"ಇರ್ಲಿ" ಅಂದಳು. ಸ್ವಲ್ಪ ಜೋರಾಗಿಯೇ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಭಾನುವಾರ ಅತ್ತಿಗೆ ಬಂದಳು. ತಮ್ಮನ ಚೀಲ ಮುಟ್ಟಿ ಅತ್ತಳು. ಕಿಟಕಿಯ ಮೇಲಿನ ಲೋಟ ನೋಡಿ, "ಅಲ್ಯಾಕಿದೆ ಇದು?" ಎಂದು ಕೇಳಿದಳು. ಆಮೇಲೆ ಬಚ್ಚಲಿಗೆ ಹೋದಳು. ಒಳಗಿನಿಂದ ನೀರು ಹರಿದ ಸದ್ದು ಬಂತು, ಮತ್ತೆ ತುಂಬುವ ಸದ್ದು, ಮತ್ತೆ ಎಲ್ಲ ನಿಶ್ಶಬ್ದ. ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು. ಟೈಲರಮ್ಮ ಅವಳನ್ನು ಮಾತಾಡಿಸಲು ಬಂದು, ಹೊಲಿಯಲು ತಂದ ರವಿಕೆ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

"ನೋಡಿ ಟೈಲರಮ್ಮ" ಎಂದಳು ಅತ್ತಿಗೆ. "ನನ್ನ ತಮ್ಮನ ಕೈ ನೋಡಿ. ಎಷ್ಟು ನಿಶ್ಶಬ್ದ. ಒಂದು ಹನಿ ಸೋರಲ್ಲ. ಅವನೇ ಅಂತಿದ್ದ ಹಾಗೆ, ಯಾವ ದರ್ಜಿ ಹಾಕ್ತಾನೆ ಹೇಳಿ ಹೀಗೆ?" ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಅಲ್ವೇನೇ? ಅವನೇ ಹಾಕಿದ್ದಲ್ವಾ?"

ಟೈಲರಮ್ಮ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ಅವಳ ನಾಲಿಗೆಯ ತುದಿಯಲ್ಲಿ ಉದ್ದಣ್ಣನ ಹೆಸರಿತ್ತು. ಅದರ ಹಿಂದೆ ಬಲ್ಬು, ತಗಡು, ತಂತಿ, ಎಲ್ಲ ಸಾಲಾಗಿ ನಿಂತಿದ್ದವು. ಒಂದು ಬಂದರೆ ಎಲ್ಲ ಬರುತ್ತವೆ.

"ಹೌದು ಅತ್ತಿಗೆ" ಅಂದಳು. "ಅವರೇ."

ಆ ನಾಲ್ಕು ದಿನ ಮುಗಿದು ಅತ್ತಿಗೆ ಹೋಗಿ ಬಹಳ ಕಾಲವಾಯಿತು. ಉದ್ದಣ್ಣ ಬೀದಿಯಲ್ಲಿ ಸಿಕ್ಕರೆ, "ಸೋರ್ತಿಲ್ಲ ತಾನೇ ತಂಗಿ?" ಎಂದು ಕೇಳುತ್ತಾನೆ. "ಇಲ್ಲ ಅಣ್ಣ" ಎಂದು ನೆಲ ನೋಡುತ್ತಾಳೆ. ಬೇಕರಿಯವನು ಅವನನ್ನು ದರ್ಜಿ ಎಂದು ಕೂಗಿದ್ದು ಒಮ್ಮೆ ಕಿವಿಗೆ ಬಿತ್ತು. ಟ್ಯಾಂಕಿನ ಮೇಲೆ ಹತ್ತಿದ ದರ್ಜಿ ಎಂದು ಅದಕ್ಕೆ ಈಗ ಬಾಲವೂ ಸೇರಿದೆ. ಅವಳು ಬೇಗ ಬೇಗ ನಡೆದು ಹೋದಳು.

ಈಗಲೂ ಬೆಳಗ್ಗೆ ಎದ್ದು, ಮುಖಕ್ಕೆ ನೀರು ಹಾಕುವ ಮುಂಚೆ, ಬಚ್ಚಲಿಗೆ ಹೋಗುತ್ತಾಳೆ. ರಾತ್ರಿ ನಿಲ್ಲಿಸಿದ ಗೋಡೆಯ ಚಿಕ್ಕ ನಲ್ಲಿ ಬಿಡುತ್ತಾಳೆ. ಪೈಪಿನ ಮೇಲಿನ ಬನಿಯನ್ನು ತೆಗೆದು, ಮೊಣಕಾಲೂರಿ, ಟ್ಯಾಂಕಿನ ಅಡಿಯ ನೆಲವನ್ನು ಮೂಲೆಯಿಂದ ಮೂಲೆಗೆ ಒರೆಸುತ್ತಾಳೆ. ನೆಲ ಒಣಗಿರುತ್ತದೆ. ಬನಿಯನ್ನು ಒಮ್ಮೆ ಹಿಂಡಿ, ಅಲ್ಲೇ ನೇತುಹಾಕುತ್ತಾಳೆ.